ಆನ್‌ಲೈನಿನ ‘ವಿಂಟೇಜ್ ಖಾದಿ’, ಭಂಡಾರದ ಖಾದಿ, ಚೊಗರಿನ ಕೈಮಗ್ಗ: ಮೂರು ಕುರ್ತಾ ಹಾಕಿ ನೋಡಿದ ಮೇಲೆ

ನನ್ನ ಮೆಚ್ಚಿನದು ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಬಣ್ಣದ ಕೈಮಗ್ಗದ ಕುರ್ತಾ. ಉಳಿದ ಎರಡರ ಬಗ್ಗೆ ಓದುವಾಗ ಇದು ಗಮನದಲ್ಲಿರಲಿ. ಮೂರರಲ್ಲಿ ಒಂದು ಆನ್‌ಲೈನಿನಲ್ಲಿ ‘ವಿಂಟೇಜ್ ಹೆರಿಟೇಜ್ ಖಾದಿ’ ಅಂತ ತರಿಸಿದ್ದು, ಇನ್ನೊಂದು ಶಿವಮೊಗ್ಗದ ಖಾದಿ ಅಂಗಡಿಯದು, ಮತ್ತೊಂದು ಸಾಗರದ ಕಡೆ ಒಂದು ಕೈಮಗ್ಗದ ಅಂಗಡಿಯಲ್ಲಿ ತಗೊಂಡದ್ದು. ಮೂರೂ ತೀರ್ಥಹಳ್ಳಿ ಕಡೆಯ ಒಂದು ಪೂರ್ತಿ ಮಳೆಗಾಲ ಕಂಡಿವೆ. ನಮ್ಮ ಕಡೆ ಬಟ್ಟೆಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಆನ್‌ಲೈನಿನದ್ದು ನೋಡೋಕೆ ಚೆನ್ನಾಗಿಯೇ ಇದೆ. ಮಾಸಿದ ಕಂದು ಬಣ್ಣ, ಅಲ್ಲಲ್ಲಿ ದಪ್ಪ ದಪ್ಪ ಎಳೆ. ವಿವರದಲ್ಲಿ ವಿಂಟೇಜ್, ಹೆರಿಟೇಜ್, ಖಾದಿ, ವೆಜಿಟೇಬಲ್ ಡೈ, ಗ್ರ್ಯಾಂಡ್‌ಡ್ಯಾಡ್ ಕಾಲರ್ ಅಂತ ಸಾಲಾಗಿ ಬರೆದಿದ್ದರು. ಬಂದ ಮೇಲೆ ಪಕ್ಕದ ಹೊಲಿಗೆಯ ಒಳಗಿನ ಚೀಟಿ ನೋಡಿದರೆ ಶೇ. 65 ಪಾಲಿಯೆಸ್ಟರ್, ಶೇ. 35 ಕಾಟನ್. ವಾಪಸ್ ಕೊಡೋಣ ಅಂದರೆ ನಮ್ಮ ಪಿನ್ ಕೋಡಿಗೆ ಪಿಕಪ್ ಇಲ್ಲ. ತಂದು ಕೊಡೋಕೆ ಬರುವವರು ತಗೊಂಡು ಹೋಗೋಕೆ ಯಾಕೆ ಬರೋದಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಳೇ ಬಟ್ಟೆ ಮಾರುವವರಲ್ಲಿ ವಿಂಟೇಜ್ ಅಂದರೆ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಹಳೆಯದು, 100 ದಾಟಿದರೆ ಆಂಟಿಕ್. ಹಳೇ ಮಾದರಿಯಲ್ಲಿ ಹೊಸದಾಗಿ ಹೊಲಿದದ್ದಕ್ಕೆ ರೆಟ್ರೋ ಅನ್ನುತ್ತಾರೆ. ರೆಟ್ರೋ ಅಂತ ಬರೆದಿದ್ದರೆ ನನ್ನದೇನೂ ತಕರಾರು ಇರಲಿಲ್ಲ. ಕಾಲರಿನ ಕಥೆಯೂ ಹಾಗೇ. 19ನೇ ಶತಮಾನದಲ್ಲಿ ಯುರೋಪ್, ಅಮೆರಿಕದ ಗಂಡಸರ ಶರ್ಟಿಗೆ ಕಾಲರ್ ಬೇರೆಯಾಗಿಯೇ ಬರುತ್ತಿತ್ತು. ಕುತ್ತಿಗೆ ಪಟ್ಟಿಗೆ ಸಣ್ಣ ಗುಂಡಿ ಹಾಕಿ ಅದನ್ನು ಸಿಕ್ಕಿಸಿಕೊಳ್ಳುತ್ತಿದ್ದರು, ಕಾಲರ್ ಕೊಳೆಯಾದರೆ ಅದನ್ನಷ್ಟೇ ತೆಗೆದು ಒಗೆದು ಗಂಜಿ ಹಾಕುತ್ತಿದ್ದರು. ಆ ಕಾಲರ್ ತೆಗೆದಿಟ್ಟಾಗ ಉಳಿಯುವ ಪಟ್ಟಿಯೇ ಈಗಿನ ‘ಅಜ್ಜನ ಕಾಲರ್’. ಇರಲಿ, ಕುತ್ತಿಗೆಗೆ ಹಿತವಾಗಿದೆ, ಅದಕ್ಕೆ ಜಗಳ ಬೇಡ.

ಜಗಳ ಇರೋದು ಖಾದಿ ಅನ್ನೋ ಮಾತಿಗೆ. ವಿಂಟೇಜ್ ಅನ್ನೋದಕ್ಕೆ ಕಾನೂನಿನ ಕಟ್ಟು ಇಲ್ಲ, ಖಾದಿಗೆ ಇದೆ. 1956ರ ಖಾದಿ ಗ್ರಾಮೋದ್ಯೋಗ ಆಯೋಗದ ಕಾಯ್ದೆಯಲ್ಲೇ ಬರೆದಿದ್ದಾರೆ: ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲನ್ನು ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದದ್ದು ಖಾದಿ. 2013ರಿಂದ ಇದಕ್ಕೆ ಖಾದಿ ಮಾರ್ಕ್ ಅಂತ ಗುರುತೂ ಬಂದಿದೆ. ಪಾಲಿಯೆಸ್ಟರ್ ಬೆರೆಸಿ ಕೈಯಲ್ಲಿ ನೂತು ನೇಯುವುದೂ ಉಂಟು, ಅದನ್ನು ಪಾಲಿವಸ್ತ್ರ ಅಂತಲೇ ಕರೆಯುತ್ತಾರೆ. ನನಗೆ ಬಂದದ್ದು ಅದೂ ಅಲ್ಲ. ಗಿರಣಿಯಲ್ಲಿ ನೂಲುವಾಗ ಬೇಕಂತಲೇ ದಪ್ಪ, ಸಣ್ಣ ಮಾಡಿ ಸ್ಲಬ್ ನೂಲು ತೆಗೆಯುತ್ತಾರೆ, ಕೈನೂಲಿನ ಏರುಪೇರು ಕಾಣಲಿ ಅಂತ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಕೀಳು ದರ್ಜೆಯ ಗೊರಬಲು ತಂದು ಸುರಿದು ಮೇಲು ದರ್ಜೆಯ ಸರಕು ಅಂತ ಕೂಗಿದರೆ ಯಾರಾದರೂ ಒಪ್ಪುತ್ತಾರಾ? ಅಲ್ಲಿ ಹೆಸರಿಗೆ ತಕ್ಕ ಮಾಲು, ಮಾಲಿಗೆ ತಕ್ಕ ರೇಟು. ಬಟ್ಟೆಗೆ ಬಂದಾಗ ಮಾತ್ರ ನಾವು ಸುಮ್ನೆ ಯಾಕಿರಬೇಕು?

ಅನುಮಾನ ಇದ್ದರೆ ಒಳ ಹೊಲಿಗೆಯಿಂದ ಒಂದು ಎಳೆ ಕಿತ್ತು ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ನನ್ನದು ಕರಗಿ, ಸುರುಟಿ, ತುದಿಯಲ್ಲಿ ಕರೀ ಮಣಿಯಾಗಿ ಗಟ್ಟಿಯಾಯಿತು.

ಖಾದಿ ಅಂಗಡಿಯದು ನಿಜವಾದ ಖಾದಿ. ಬಿಳಿ, ಒರಟು, ಬೇಸಿಗೆಯಲ್ಲಿ ಸ್ವರ್ಗ. ಗಾಂಧಿ ಜಯಂತಿ ರಿಯಾಯಿತಿಯಲ್ಲಿ ತಗೊಂಡಿದ್ದರಿಂದ ಜೇಬಿಗೂ ಹಗುರ. ಆದರೆ ಆಷಾಢದಲ್ಲಿ ಒಗೆದರೆ ಒಣಗೋದೇ ಇಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿದ ಗಳಕ್ಕೆ ಹಾಕಬೇಕು, ಆಗ ಹೊಗೆ ವಾಸನೆ. ಜಗುಲಿಯಲ್ಲೇ ಬಿಟ್ಟರೆ ಮುಗ್ಗಲು ವಾಸನೆ, ಆಮೇಲೆ ಹೊಲಿಗೆ ಸಾಲಿನಲ್ಲಿ ಕರೀ ಚುಕ್ಕೆ. ಬಿಳಿ ಬಟ್ಟೆಗೆ ಆ ಚುಕ್ಕೆ ಬಿದ್ದರೆ ಹೋಗೋದು ಕಷ್ಟ. ಇಸ್ತ್ರಿ ಇಲ್ಲದೆ ಹಾಕೋಕಂತೂ ಆಗೋದಿಲ್ಲ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇರುವ ಹೊತ್ತಿಗೆ ಕಾದು ಇಸ್ತ್ರಿ ಹಾಕಬೇಕು. ಬಯಲುಸೀಮೆಯವರಾದರೆ ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ.

ಇನ್ನು ನನ್ನ ಚೊಗರಿನ ಕುರ್ತಾ. ಇದು ಖಾದಿ ಅಲ್ಲ. ಅಂಗಡಿಯವರು ಕೇಳುವ ಮೊದಲೇ ಹೇಳಿದರು, ನೂಲು ಗಿರಣಿಯದು, ನೇಯ್ಗೆ ಕೈಮಗ್ಗದ್ದು ಅಂತ. ಆ ಒಂದು ಮಾತಿಗೇ ನಾನು ತಗೊಂಡೆ. ಬಣ್ಣ ಅಡಿಕೆ ಚೊಗರಿನದು. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಆ ಕೆಂಪು ಮಂದ ನೀರು ಮಲೆನಾಡಿನ ಅಡಿಕೆ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದರಿಂದ ಬಟ್ಟೆಗೆ ಬಣ್ಣ ಕಟ್ಟುವುದಕ್ಕೆ ಹೆಗ್ಗೋಡಿನ ಹತ್ತಿರದ ಚರಕ ಹೆಸರು ಮಾಡಿದೆ, ರಂಗಕರ್ಮಿ ಪ್ರಸನ್ನ ಕಟ್ಟಿದ ಹೆಣ್ಣುಮಕ್ಕಳ ಸಹಕಾರ ಸಂಘ ಅದು. ನನ್ನ ದೊಡ್ಡಮ್ಮ ತೋಳು ಹಿಡಿದು ನೋಡಿ, “ಇದು ಚೊಗರಲ್ವೇನೇ? ಸುಲಿಯೋಕೆ ಕೂತಾಗ ಸೀರೆಗೆ ಹತ್ತಿದ್ರೆ ಬೈಸ್ಕೊಳ್ತಿದ್ವಿ, ಈಗ ದುಡ್ಡು ಕೊಟ್ಟು ತರ್ತೀರಾ” ಅಂದರು.

ಇದರಲ್ಲಿ ಒಂದು ತಾಪತ್ರಯ ಇದೆ, ತಗೊಳ್ಳುವವರಿಗೆ ಗೊತ್ತಿರಲಿ. ಸುಣ್ಣ. ಗೌರಿ ಹಬ್ಬದ ಊಟ ಆದ ಮೇಲೆ ಎಲೆ ಅಡಿಕೆ ತಟ್ಟೆ ಕೈಯಿಂದ ಕೈಗೆ ದಾಟುವಾಗ ಸುಣ್ಣದ ಡಬ್ಬಿ ವಾಲಿತು. ನನ್ನ ಮಡಿಲ ಮೇಲೆ ಎರಡು ಹನಿ ಬಿತ್ತು. ಒರೆಸಿದೆ, ಹೋಯಿತು ಅಂದುಕೊಂಡೆ. ಕೈ ತೊಳೆದು ಬರುವಷ್ಟರಲ್ಲಿ ತಿಳಿ ಕಂದು ಬಟ್ಟೆಯ ಮೇಲೆ ಕವಳ ಉಗಿದ ಹಾಗೆ ಗಾಢ ಕೆಂಪು ಕಲೆ ಎದ್ದಿತ್ತು. ಚೊಗರಿನಲ್ಲಿರುವುದು ಟ್ಯಾನಿನ್, ಸುಣ್ಣ ಕ್ಷಾರ. ಎರಡೂ ಸೇರಿದರೆ ಕೆಂಪಾಗುತ್ತದೆ. ಎಲೆ ಅಡಿಕೆಗೆ ಸುಣ್ಣ ಹಚ್ಚಿಕೊಂಡಾಗ ಬಾಯಿ ಕೆಂಪಾಗುವುದೂ ಹೀಗೇ.

ನಿಂಬೆಹಣ್ಣು ತಿಕ್ಕು ಅಂತ ಒಬ್ಬರು, ಮಜ್ಜಿಗೆಯಲ್ಲಿ ನೆನೆಸು ಅಂತ ಇನ್ನೊಬ್ಬರು. ನಿಂಬೆ ತಿಕ್ಕಿದೆ. ಕಲೆಯ ಕೆಂಪು ಸ್ವಲ್ಪ ಇಳಿಯಿತು, ಆದರೆ ರಸ ಹರಡಿದ ಕಡೆ ಬಟ್ಟೆಯ ಬಣ್ಣವೇ ತಿಳಿಯಾಗಿ ಕಲೆಯ ಸುತ್ತ ಒಂದು ಉಂಗುರ ಮೂಡಿತು. ಮೊದಲು ಎರಡು ಚುಕ್ಕೆ ಇತ್ತು, ಈಗ ಎರಡು ಕಣ್ಣು. ಸೋಪಿನ ಪುಡಿಯೂ ಕ್ಷಾರವೇ ಆದ್ದರಿಂದ ಅದರಲ್ಲಿ ನೆನೆಸಿದರೆ ಇಡೀ ಕುರ್ತಾದ ಬಣ್ಣ ಏರುಪೇರಾಗುತ್ತದೆ. ಅಂಟುವಾಳದ ಕಾಯಿಯಲ್ಲೇ ಒಗೆಯಬೇಕು, ನೆರಳಲ್ಲೇ ಹರವಬೇಕು. ದಿನಾ ಬೆಳಗ್ಗೆ ಬಸ್ ಹಿಡಿದು ಕೆಲಸಕ್ಕೆ ಓಡುವವರಿಗೆ ಇದು ಕಿರಿಕಿರಿಯೇ, ಸುಳ್ಳು ಯಾಕೆ ಹೇಳಲಿ.

ಅದೇ ಸುಣ್ಣವನ್ನು ಆಮೇಲೆ ಆನ್‌ಲೈನ್ ಕುರ್ತಾದ ಅಂಚಿಗೆ ನಾನೇ ಹಚ್ಚಿ ನೋಡಿದೆ. ವೆಜಿಟೇಬಲ್ ಡೈ ಅಂತ ಬರೆದದ್ದಲ್ವಾ? ಒಣಗಿ ಬಿಳಿ ಪುಡಿಯಾಯಿತು, ಕೊಡವಿದೆ, ಉದುರಿಹೋಯಿತು. ನಿಂಬೆರಸಕ್ಕೂ ಜಪ್ಪಯ್ಯ ಅನ್ನಲಿಲ್ಲ.

ಚೊಗರಿನ ಕುರ್ತಾ ಸರಿಹೋದದ್ದು ಅಡಿಕೆ ಕೊನೆ ಕೊಯ್ಲು ಶುರುವಾದ ಮೇಲೆ. ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಬೇಯಿಸಿದ ದಿನ ಹೋಗಿದ್ದೆ. ಪಟಿಕದ ನೀರಲ್ಲಿ ರಾತ್ರಿಯಿಡೀ ನೆನೆಸಿದ್ದ ಕುರ್ತಾವನ್ನು ಹಿಂಡಿ, ಸೋಸಿದ ಬಿಸಿ ಚೊಗರಿನಲ್ಲಿ ಮುಳುಗಿಸಿ, ಕೋಲಿನಿಂದ ಆಗಾಗ ತಿರುವಿದೆವು. ಒಂದೇ ಕಡೆ ಮಡಿಕೆ ಬೀಳಬಾರದು, ಬಿದ್ದರೆ ಅಲ್ಲಿ ಪಟ್ಟೆ ಉಳಿಯುತ್ತದೆ. ತೆಗೆದು ಒಣಗಿಸಿದಾಗ ಬಣ್ಣ ಮೊದಲಿಗಿಂತ ಗಾಢವಾಗಿತ್ತು. ಕಲೆ ಹುಡುಕಿದರೆ ಸಿಗುತ್ತದೆ, ಹುಡುಕದಿದ್ದರೆ ಕಾಣೋದಿಲ್ಲ. ಅಂಗಡಿಯಲ್ಲಿ ಕಟ್ಟಿದ ಬಣ್ಣವನ್ನು ಮನೆಯ ಹಂಡೆಯಲ್ಲಿ ಮತ್ತೆ ಕಟ್ಟಬಹುದು ಅಂದರೆ ಆ ಬಟ್ಟೆಯ ಮೇಲೆ ಬರೆದ ಮಾತು ನಿಜ ಅಂತ ತಾನೇ?

ಆನ್‌ಲೈನಿನದ್ದರ ಕಂಕುಳ ಹತ್ತಿರ, ಬ್ಯಾಗು ಉಜ್ಜುವ ಕಡೆ ಸಣ್ಣ ಸಣ್ಣ ಉಂಡೆ ಎದ್ದಿದೆ. ಪಾಲಿಯೆಸ್ಟರ್ ಎಳೆ ಗಟ್ಟಿ, ಆ ಉಂಡೆ ಉದುರದೆ ಅಲ್ಲೇ ಕಚ್ಚಿಕೊಂಡಿರುತ್ತದೆ. ಉಳಿದೆರಡರಲ್ಲಿ ಹಾಗಾಗಿಲ್ಲ.

ದುಡ್ಡಿನ ಲೆಕ್ಕದಲ್ಲಿ ಚೊಗರಿನದ್ದೇ ಜಾಸ್ತಿ, ಆನ್‌ಲೈನಿನದ್ದರ ಹತ್ತಿರ ಹತ್ತಿರ ಎರಡು ಪಟ್ಟು. ನನಗೆ ವರ್ಷಕ್ಕೆ ಹೊಸ ಬಟ್ಟೆ ಅಂದರೆ ದೀಪಾವಳಿಗೆ ಒಂದು, ಮನೆಯಲ್ಲಿ ಯಾರದಾದರೂ ಮದುವೆ ಇದ್ದರೆ ಇನ್ನೊಂದು. ಹಾಗಾಗಿ ಹೊಂದುತ್ತದೆ. ವಾರಕ್ಕೊಂದು ಹೊಸದು ಬೇಕು ಅನ್ನುವವರಿಗೆ ಹೊಂದಲ್ಲ. ಖಾದಿಯದನ್ನು ಫೆಬ್ರವರಿಯಿಂದ ಮೇ ತನಕ ಹಾಕುತ್ತೇನೆ, ಮಳೆ ಹಿಡಿಯುವ ಮೊದಲು ಒಗೆದು ಪೆಟ್ಟಿಗೆ ಸೇರಿಸುತ್ತೇನೆ. ಆನ್‌ಲೈನಿನದು ಮಳೆಯಲ್ಲಿ ತೋಟಕ್ಕೆ ಹೋಗೋಕೆ ಇಟ್ಟಿದ್ದೇನೆ. ಬೇಗ ಒಣಗುತ್ತದೆ, ಆ ಒಂದು ಗುಣದಲ್ಲಿ ಉಳಿದೆರಡನ್ನೂ ಹಿಂದೆ ಹಾಕಿದೆ. ಮುಂದಿನ ದೀಪಾವಳಿಗೆ ನೀಲಿ ಬಣ್ಣದ್ದು ತಗೊಳ್ಳಬೇಕು ಅಂತಿದೆ, ಅದೂ ಸಾಗರದ ಕಡೆಯದೇ.