ಹಳೆಯ ಡ್ರಿಲ್ಲಿಂಗ್ ಮಷಿನ್ನಿಗೆ ಹೊಸ ಚಕ್: ಬಿತ್ತನೆಯ ಹಂಗಾಮು ಕಳೆದ ಮೇಲಿನ ಅಭಿಪ್ರಾಯ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಚಿಕ್ಕ ವರ್ಕ್‌ಶಾಪಿನಲ್ಲಿ ಕೂರಿಗೆ, ಕುಂಟೆ, ರಂಟೆಗಳ ದುರಸ್ತಿಯೇ ಮುಖ್ಯ ಕೆಲಸವಾದ್ದರಿಂದ, ಮುಂಗಾರಿನ ಮುಂಚೆ ಡ್ರಿಲ್ಲಿಂಗ್ ಮಷಿನ್ನಿಗೆ ಬಿಡುವೆಂಬುದೇ ಇರುವುದಿಲ್ಲ. ಮಷಿನ್ನು ಹಳೆಯದಾದರೂ ಗಟ್ಟಿಯಾಗಿದೆ. ಕೆಟ್ಟಿದ್ದು ಕೊರೆಯುವ ಬಿಟ್ಟನ್ನು ದವಡೆಗಳಿಂದ ಕಚ್ಚಿ ಹಿಡಿಯುವ ಅದರ ಚಕ್ ಮಾತ್ರ. ದವಡೆಗಳು ಬಾಯಿಯ ಕಡೆ ಸವೆದು, ದಪ್ಪ ಬಿಟ್ಟುಗಳು ಪಟ್ಟಿಗೆ ತಾಗಿದೊಡನೆ ಒಳಗೇ ಜಾರಿ ತಿರುಗುತ್ತಿದ್ದವು. ಸಾವಿರ ರೂಪಾಯಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ಚಾವಿಯಿಂದ ಬಿಗಿಯುವ 13 ಮಿ.ಮೀ. ಚಕ್ಕನ್ನು ತಂದೆ. ಚಕ್ ಚೆನ್ನಾಗಿದೆ, ಜೊತೆಗೆ ಕೊಟ್ಟ ಚಾವಿ ಚೆನ್ನಾಗಿಲ್ಲ.

ಕೊಳ್ಳುವ ಮುಂಚೆ ಮಷಿನ್ನಿನ ತಿರುಗುವ ದಂಡವಾದ ಸ್ಪಿಂಡಲ್ಲಿನ ಒಳ ಟೇಪರಿಗೆ, ಅಂದರೆ ಒಳಗೆ ಹೋದಂತೆ ಕಿರಿದಾಗುವ ತೂತಿಗೆ, ಅಲುಗಾಟ ಅಳೆಯುವ ಡಯಲ್ ಗೇಜ್ ಹಚ್ಚಿ ನೋಡಿದ್ದು ಒಳ್ಳೆಯದಾಯಿತು. ಅಲ್ಲೇ ಅಲುಗಾಟವಿದ್ದರೆ ದೋಷ ಸ್ಪಿಂಡಲ್ಲಿನದೋ ಬೇರಿಂಗಿನದೋ ಆಗಿರುತ್ತದೆ, ಎಂಥ ಚಕ್ ಹಾಕಿದರೂ ಪ್ರಯೋಜನವಿಲ್ಲ. ಆಮೇಲಿನ ಪ್ರಶ್ನೆ ಟೇಪರಿನದು. ಸ್ಪಿಂಡಲ್ಲಿಗೂ ಚಕ್ಕಿಗೂ ನಡುವೆ ಕೂರುವ ನಮ್ಮ ಹಳೆಯ ಆರ್ಬರಿನ ಕೆಳತುದಿಯ ಟೇಪರ್ ಜೇಕಬ್ಸ್ 33 ಎಂಬ ಅಳತೆಯದು, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಚಕ್ಕಿನದು ಬಿ 16 ಎಂಬ ಅಳತೆಯದು. ಮೊದಲನೆಯದರ ದೊಡ್ಡ ಬದಿಯ ವ್ಯಾಸ ಸುಮಾರು 15.85 ಮಿ.ಮೀ., ಎರಡನೆಯದರದು 15.73. ಕೈಯಲ್ಲಿ ಹಿಡಿದು ಕೂಡಿಸಿ ನೋಡಿದರೆ ಎರಡೂ ಒಂದೇ ಎನಿಸುತ್ತವೆ. ಆದರೆ ಜೇಕಬ್ಸ್ 33ರ ಇಳಿಜಾರು ಹೆಚ್ಚು ಕಡಿದಾದದ್ದರಿಂದ ಚಕ್ಕಿನ ಬಾಯಿಯ ಅಂಚು ಮಾತ್ರ ಆರ್ಬರನ್ನು ಹಿಡಿಯುತ್ತದೆ, ಒಳಗೆಲ್ಲ ಸಂದು ಉಳಿಯುತ್ತದೆ. ಅಂಥ ಜೋಡಣೆ ಬಡಿದಾಗ ಕೂತಂತೆ ಕಂಡರೂ ಕೆಲಸದ ನಡುವೆ ಕಳಚಿ ಬೀಳುವುದು ಖಂಡಿತ. ಅಂಗಡಿಯವರು ಎರಡೂ ನಡೆಯುತ್ತವೆ ಎಂದರೂ ನಾನು ಒಪ್ಪದೆ, ಮೇಲೆ ಸ್ಪಿಂಡಲ್ಲಿಗೆ ಹೊಂದುವ ಮೋರ್ಸ್ 2 ಟೇಪರ್, ಕೆಳಗೆ ಬಿ 16 ಇರುವ ಹೊಸ ಆರ್ಬರನ್ನೇ ಕೊಂಡೆ. ಚಕ್ಕಿನ ಬೆಲೆಯ ಮುಂದೆ ಅದು ದೊಡ್ಡ ಖರ್ಚಲ್ಲ. ಇಷ್ಟಾದರೂ ಚಕ್ಕಿನ ಪೆಟ್ಟಿಗೆಯ ಮೇಲೆ ಟೇಪರಿನ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಲು ತಯಾರಕರಿಗೆ ಏನು ಕಷ್ಟವೋ ತಿಳಿಯದು.

ಕೂಡಿಸುವ ಕೆಲಸ ಸುಲಭ. ಸ್ಪಿಂಡಲ್ಲಿನ ಸೀಳಿನಲ್ಲಿ ಡ್ರಿಫ್ಟ್ ಎಂಬ ಚಪ್ಪಟೆ ಬೆಣೆಯನ್ನು ತೂರಿಸಿ ಬಡಿದರೆ ಹಳೆಯ ಆರ್ಬರ್ ಚಕ್ಕಿನ ಸಮೇತ ಕೆಳಗಿಳಿಯುತ್ತದೆ. ಕೆಳಗೆ ಹಲಗೆಯೊಂದನ್ನು ಇಟ್ಟಿರಬೇಕು. ಟೇಪರುಗಳನ್ನು ಸೀಮೆಎಣ್ಣೆಯಿಂದ ತೊಳೆದು, ಒಣ ಬಟ್ಟೆಯಿಂದ ಜಿಡ್ಡಿನ ಲವಲೇಶವೂ ಉಳಿಯದಂತೆ ಒರೆಸಬೇಕು, ಏಕೆಂದರೆ ಇಲ್ಲಿ ಹಿಡಿತವೆಲ್ಲ ಲೋಹಕ್ಕೆ ಲೋಹ ತಾಗುವುದರಿಂದಲೇ ಬರುವುದು. ದವಡೆಗಳನ್ನು ಪೂರ್ತಿ ಒಳಗೆ ಸರಿಸಿ, ಚಕ್ಕಿನ ಮೂತಿಗೆ ಮರದ ಕೊಡತಿಯಿಂದ ನೇರವಾಗಿ ಒಂದು ಪೆಟ್ಟು ಕೊಟ್ಟರೆ ಸಾಕು. ದವಡೆಗಳು ಹೊರಗಿದ್ದಾಗ ಹೊಡೆದರೆ ಹೊಸ ಚಕ್ ಅಂದೇ ಹಳತಾಗುತ್ತದೆ.

ಹಳೆಯ ಚಕ್ಕಿನಲ್ಲಿ ನೇರ ಸರಳು ಕಚ್ಚಿಸಿದಾಗ ಗೇಜಿನ ಮುಳ್ಳು ಸುಮಾರು 0.3 ಮಿ.ಮೀ. ಓಡುತ್ತಿತ್ತು, ಈಗ 0.08ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂಕಿಗಿಂತ ಹಿತವಾದದ್ದು ಬಿಟ್ಟಿನ ತುದಿ ಪಂಚ್ ಗುರುತಿನ ಮೇಲೆ ಅಲೆದಾಡದೆ ಕೂರುವುದು. ಕೂರಿಗೆಯ ಎರಡು ಪಟ್ಟಿಗಳನ್ನು ಬೇರೆಬೇರೆಯಾಗಿ ಕೊರೆದು ಒಂದರ ಮೇಲೊಂದು ಇಟ್ಟರೆ ಬೋಲ್ಟು ಬೆರಳಿನಿಂದ ನೂಕಿದಷ್ಟಕ್ಕೇ ಇಳಿಯುತ್ತದೆ. ಮೊದಲು ದುಂಡು ಅರದಿಂದ ತೂತು ಹಿಗ್ಗಿಸಬೇಕಾಗುತ್ತಿತ್ತು. ಸಂಜೆ ಮಷಿನ್ ನಿಲ್ಲಿಸಿದ ಮೇಲೆ ದವಡೆಗಳನ್ನು ಅಗಲಿಸಿ, ಸಂದಿನಲ್ಲಿ ಸಿಕ್ಕ ಕಬ್ಬಿಣದ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಒಂದು ಹನಿ ಎಣ್ಣೆ ಬಿಟ್ಟು, ಕೈಯಿಂದಲೇ ಚಕ್ಕಿನ ಹೊರ ಬಳೆಯನ್ನು ಹಿಂದೆಮುಂದೆ ತಿರುಗಿಸುತ್ತೇನೆ. ಆ ನುಣುಪಾದ ಓಟ ಕೈಗೆ ತಿಳಿಯುವವರೆಗೆ ನನಗೆ ಅಂಗಡಿಯ ಬಾಗಿಲು ಹಾಕಲು ಮನಸ್ಸು ಬರುವುದಿಲ್ಲ.

ಚಾವಿಯ ವಿಷಯಕ್ಕೆ ಬಂದರೆ ಈಗಲೂ ಸಿಟ್ಟು ಬರುತ್ತದೆ. ಅದರ ಉಕ್ಕು ಎಷ್ಟು ಮೆತ್ತಗಿದೆಯೆಂದರೆ ಹಂಗಾಮು ಮುಗಿಯುವುದರೊಳಗೆ ಹಲ್ಲುಗಳ ಮೂಲೆಗಳು ದುಂಡಾದವು. ಗಟ್ಟಿಯಾಗಿ ಬಿಗಿಯುವಾಗ ಚಾವಿ ಜಾರಿ ಬೆರಳಿನ ಗೆಣ್ಣು ಚಕ್ಕಿಗೆ ಬಡಿಯುತ್ತದೆ. ಪಕ್ಕದ ಶೆಡ್ಡಿನಲ್ಲಿ ಲೇತ್ ನಡೆಸುವ ಹಿರಿಯರಿಗೆ ತೋರಿಸಿದಾಗ ಅವರು, "ಚಾವಿ ಸವದ್ರ ಸವೀಲಿ ಬಿಡ್ರಿ, ಚಕ್ಕಿನ ಹಲ್ಲು ಉಳದಾವಲ್ಲ" ಎಂದರು. ಭೂತಗನ್ನಡಿಯಲ್ಲಿ ನೋಡಿದರೆ ಅವರು ಹೇಳಿದ್ದು ನಿಜವೇ: ಚಕ್ಕಿನ ಹಲ್ಲುಗಳ ಅಂಚು ಇನ್ನೂ ಚೂಪಾಗಿದೆ. ಚಾವಿ ಗಡುಸಾಗಿದ್ದು ಚಕ್ ಮೆತ್ತಗಿದ್ದರೆ ಇಡೀ ಚಕ್ಕನ್ನೇ ಎಸೆಯಬೇಕಾಗುತ್ತಿತ್ತು. ಆದರೂ ಇಷ್ಟು ಬೇಗ ಸವೆಯುವ ಚಾವಿಯನ್ನು ಒಂದೇ ಕೊಡುವುದಕ್ಕಿಂತ ಎರಡು ಕೊಟ್ಟಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಒಂದೂವರೆ ಮಿ.ಮೀ.ಗಿಂತ ಸಣ್ಣ ಬಿಟ್ಟುಗಳನ್ನು ಇದು ಭದ್ರವಾಗಿ ಹಿಡಿಯುವುದಿಲ್ಲವಾದ್ದರಿಂದ ಸೂಕ್ಷ್ಮ ಕೆಲಸದವರಿಗೆ ಇದು ಬೇಡ. ನಮ್ಮಂಥ ದಪ್ಪ ಕಬ್ಬಿಣದ ಕೆಲಸಕ್ಕೆ ಈ ಬೆಲೆಗೆ ಧಾರಾಳವಾಗಿ ಸಾಕು. ಬೇರೆ ಚಾವಿ ತರುವವರು ಅದಕ್ಕಾಗಿ ಚಕ್ಕನ್ನು ಬಿಚ್ಚುವ ಗೋಜಿಗೆ ಹೋಗಬಾರದು. ಚಾವಿಯ ಮೂತಿ ಕೂರುವ ತೂತಿಗೆ ಸರಿಯಾಗಿ ಹೊಂದುವ ಡ್ರಿಲ್ ಬಿಟ್ಟಿನ ಹಿಂಬದಿ ಯಾವ ಅಳತೆಯದೆಂದು ನೋಡಿಕೊಂಡು, ಆ ಬಿಟ್ಟನ್ನೂ ಸವೆದ ಚಾವಿಯನ್ನೂ ಅಂಗಡಿಗೆ ಒಯ್ದರೆ ಸರಿಯಾದದ್ದು ಸಿಗುತ್ತದೆ.