ಥೆರಪಿ ಕ್ಲಿನಿಕ್‌ಗೆ ಹೊಸ ರೆಕಾರ್ಡ್ ಸಾಫ್ಟ್‌ವೇರ್: ದೊಡ್ಡದನ್ನು ಬಿಟ್ಟು ಚಿಕ್ಕದಕ್ಕೆ ಬಂದದ್ದು ಯಾಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚಿಕ್ಕ ಸಾಫ್ಟ್‌ವೇರ್‌ಗೆ. ದೊಡ್ಡದನ್ನು ದುಡ್ಡು ಕೊಟ್ಟು ತೆಗೆದುಕೊಂಡು, ಅದರಲ್ಲೇ ಕೆಲಸ ಮಾಡಿ, ಸಾಕಾಗಿ ಬಿಟ್ಟು, ಆಮೇಲೆ ಚಿಕ್ಕದಕ್ಕೆ ಬಂದವರು ನಾವು. ಬರೀ ಡೆಮೊ ನೋಡಿ ಹೇಳುತ್ತಿರುವ ಮಾತಲ್ಲ ಇದು.

ನಮ್ಮದು ಸಣ್ಣ ಕೌನ್ಸೆಲಿಂಗ್ ಕ್ಲಿನಿಕ್. ಕೆಲವು ಥೆರಪಿಸ್ಟ್‌ಗಳು ವಾರವಿಡೀ ಬರುತ್ತಾರೆ, ಕೆಲವರು ವಾರಕ್ಕೆ ಒಂದೋ ಎರಡೋ ದಿನ. ಕ್ಲೈಂಟ್‌ಗಳ ಸೆಷನ್ ನೋಟ್ಸ್ ಇಡುವ ನಮ್ಮ ಹಳೆಯ ಸಾಫ್ಟ್‌ವೇರ್‌ಗೆ ಅಪ್‌ಡೇಟ್ ಬರುವುದು ನಿಂತುಹೋಗಿತ್ತು. ಜನ ಬೇರೆ ಯಾರ ಹತ್ತಿರವೂ ಹೇಳದ ಮಾತುಗಳನ್ನು ಇಟ್ಟುಕೊಂಡಿರುವ ಜಾಗಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ ಅಂದಮೇಲೆ ಮುಗಿಯಿತು, ಬದಲಾಯಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಕಣ್ಣ ಮುಂದೆ ಇದ್ದದ್ದು ಎರಡು. ದೊಡ್ಡದು ಆಸ್ಪತ್ರೆಗಳಿಗೆ ಅಂತ ಮಾಡಿದ್ದು, ಅದರೊಳಗೆ ಮಾನಸಿಕ ಆರೋಗ್ಯಕ್ಕೆ ಒಂದು ಭಾಗ. ಚಿಕ್ಕದು ಥೆರಪಿಸ್ಟ್‌ಗಳಿಗೆ ಅಂತಲೇ ಮಾಡಿದ್ದು. ಹೆಸರು ಬೇಡ, ನಿಮಗೆ ಸಿಗುವ ಬಹಳಷ್ಟು ಸಾಫ್ಟ್‌ವೇರ್‌ಗಳು ಈ ಎರಡು ಜಾತಿಯಲ್ಲೇ ಒಂದಕ್ಕೆ ಸೇರುತ್ತವೆ. ಎನ್‌ಕ್ರಿಪ್ಷನ್, ಎರಡು ಹಂತದ ಲಾಗಿನ್, ಕ್ಯಾಲೆಂಡರ್, ವಿಡಿಯೋ ಸೆಷನ್ ಎರಡರಲ್ಲೂ ಇವೆ. ಅವುಗಳ ಬಗ್ಗೆ ಬರೆಯುವುದಿಲ್ಲ.

ನಮ್ಮ ಜೀವ ತಿಂದದ್ದು ತಾರೀಖು. ಹೌದು, ಬರೀ ತಾರೀಖು.

ಹಳೆಯದರಿಂದ ನೋಟ್ಸ್ ಎಲ್ಲ ಸಿಎಸ್‌ವಿ ಫೈಲ್ ಆಗಿ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾಲುಗಳ ಸಾದಾ ಪಟ್ಟಿಯಾಗಿ, ಹೊರಗೆ ಬಂತು. ಅದರಲ್ಲಿ ತಾರೀಖು ದಿನ, ತಿಂಗಳು, ವರ್ಷ ಅಂತ ಇತ್ತು. ದೊಡ್ಡ ಸಾಫ್ಟ್‌ವೇರ್ ಅದನ್ನು ತಿಂಗಳು, ದಿನ, ವರ್ಷ ಅಂತ ಓದಿಕೊಂಡಿತು. ಎರರ್ ಬರಲಿಲ್ಲ, ಇಂಪೋರ್ಟ್ ಪೂರ್ತಿಯಾಯಿತು ಅಂತ ಹಸಿರು ಗುರುತು ಬಂತು. ಎಲ್ಲ ತಾರೀಖುಗಳೂ ಒಂದೇ ಥರ ಕೆಟ್ಟಿದ್ದರೆ ಅವತ್ತೇ ಕಣ್ಣಿಗೆ ಬೀಳುತ್ತಿತ್ತು. ಆದರೆ ಇಲ್ಲಿ 1ರಿಂದ 12ನೇ ತಾರೀಖಿನೊಳಗಿನ ಸೆಷನ್‌ಗಳಲ್ಲಿ ದಿನ ತಿಂಗಳಾಯಿತು, ತಿಂಗಳು ದಿನವಾಯಿತು, ನೋಡಿದರೆ ಸರಿಯಾಗಿಯೇ ಕಾಣುತ್ತಿತ್ತು. 13ರಿಂದ ಆಚೆಗಿನವನ್ನು ತಿಂಗಳು ಅಂತ ಓದಲು ಆಗುವುದಿಲ್ಲವಲ್ಲ, ಅವು ಖಾಲಿ ಉಳಿದವು. ಆ ಖಾಲಿ ಜಾಗದಲ್ಲಿ ಇಂಪೋರ್ಟ್ ಮಾಡಿದ ದಿನದ ತಾರೀಖು ಬಂದು ಕೂತಿತು. ಅಂದರೆ ವರ್ಷಗಟ್ಟಲೆ ನಡೆದ ಥೆರಪಿಯ ಅರ್ಧಕ್ಕಿಂತ ಜಾಸ್ತಿ ಸೆಷನ್‌ಗಳು ಒಂದೇ ದಿನ ನಡೆದ ಹಾಗೆ, ಉಳಿದವು ಹಿಂದೆ ಮುಂದೆ ಆದ ಹಾಗೆ.

ಬೇರೆ ವ್ಯವಹಾರದಲ್ಲಿ ಇದು ಬರೀ ತಲೆನೋವು. ಥೆರಪಿಯಲ್ಲಿ ಹಾಗಲ್ಲ. ಖಿನ್ನತೆ ಅಳೆಯಲು ನಾವು ಪಿಎಚ್‌ಕ್ಯೂ-9 ಬಳಸುತ್ತೇವೆ. 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3, ಒಟ್ಟು 27. ಅಂಕ ಇಳಿದಷ್ಟೂ ಒಳ್ಳೆಯದು. ಒಂದು ಉದಾಹರಣೆ ಕೊಡುತ್ತೇನೆ, ಇವು ಯಾವ ಕ್ಲೈಂಟ್‌ನ ಅಂಕಗಳೂ ಅಲ್ಲ. ಮಾರ್ಚ್ 5ಕ್ಕೆ 19, ಏಪ್ರಿಲ್ 2ಕ್ಕೆ 14, ಮೇ 7ಕ್ಕೆ 11, ಜೂನ್ 4ಕ್ಕೆ 7. ನೋಡಿದರೆ ಖುಷಿಯಾಗುತ್ತದೆ, ಅಲ್ವಾ? ಈಗ ದಿನ ತಿಂಗಳು ಅದಲುಬದಲು ಮಾಡಿ. ಏಪ್ರಿಲ್ 2 ಹೋಗಿ ಫೆಬ್ರವರಿ 4 ಆಗುತ್ತದೆ, ಜೂನ್ 4 ಏಪ್ರಿಲ್ 6 ಆಗುತ್ತದೆ, ಮಾರ್ಚ್ 5 ಮೇ 3 ಆಗುತ್ತದೆ, ಮೇ 7 ಜುಲೈ 5 ಆಗುತ್ತದೆ. ಸಾಲಾಗಿ ಇಟ್ಟರೆ 14, 7, 19, 11. ನಿಧಾನಕ್ಕೆ ಚೇತರಿಸಿಕೊಳ್ಳುತ್ತಿರುವ ಒಬ್ಬರು ಗ್ರಾಫ್‌ನಲ್ಲಿ ಒಮ್ಮೆಲೇ ಕುಸಿದು ಬಿದ್ದ ಹಾಗೆ ಕಾಣುತ್ತಾರೆ. ಆ ಗ್ರಾಫನ್ನು ಕ್ಲೈಂಟ್‌ಗೆ ತೋರಿಸುತ್ತೇವೆ, ಕೆಲವೊಮ್ಮೆ ಔಷಧ ಕೊಡುವ ಮನೋವೈದ್ಯರಿಗೂ ಕಳಿಸುತ್ತೇವೆ. ಅದನ್ನು ನೋಡಿ ಯಾರಾದರೂ ಡೋಸ್ ಬದಲಾಯಿಸಿದರೆ?

ನಮಗೆ ಅನುಮಾನ ಬಂದದ್ದೂ ಇಂಥದೇ ಒಂದು ಗ್ರಾಫ್ ನೋಡಿ. ಆ ಕ್ಲೈಂಟ್‌ನ ಥೆರಪಿಸ್ಟ್ "ಇವರು ಹೀಗಿರಲಿಲ್ಲ, ನನಗೆ ಚೆನ್ನಾಗಿ ನೆನಪಿದೆ" ಅಂದರು. ಅವರಿಗೆ ನೆನಪಿತ್ತು, ಸರಿ. ಹೊಸದಾಗಿ ಸೇರಿದ ಥೆರಪಿಸ್ಟ್ ಕೈಗೆ ಆ ಫೈಲ್ ಹೋಗಿದ್ದರೆ ಕೇಳುವವರು ಯಾರೂ ಇರುತ್ತಿರಲಿಲ್ಲ.

ಸಪೋರ್ಟ್‌ಗೆ ಫೋನ್ ಮಾಡಿದರೆ, ತಾರೀಖು ಸರಿ ಮಾಡಿಕೊಂಡು ಮತ್ತೆ ಇಂಪೋರ್ಟ್ ಮಾಡಿ ಅಂದರು. ಮಾಡಿದೆವು. ಸರಿಯಾದ ನೋಟ್ಸ್ ಬಂತು, ಆದರೆ ತಪ್ಪಿನದೂ ಹಾಗೇ ಉಳಿಯಿತು. ಆರೋಗ್ಯದ ರೆಕಾರ್ಡ್‌ನಲ್ಲಿ ಒಮ್ಮೆ ಬರೆದದ್ದನ್ನು ಅಳಿಸಬಾರದು, ತಪ್ಪು ಅಂತ ಗುರುತು ಹಾಕಬೇಕು ಅಷ್ಟೇ. ಆ ನಿಯಮವನ್ನು ನಾನೂ ಒಪ್ಪುತ್ತೇನೆ. ಆದರೆ ಸಾಫ್ಟ್‌ವೇರ್ ತಾನೇ ತಪ್ಪಾಗಿ ಓದಿದ್ದನ್ನು ಒಟ್ಟಿಗೆ ಹಿಂದಕ್ಕೆ ತೆಗೆಯಲು ಒಂದು ದಾರಿ ಇರಬೇಡವೇ? ಇರಲಿಲ್ಲ. ಒಂದೊಂದೇ ನೋಟ್ ತೆರೆದು, ಗುರುತು ಹಾಕಿ, ಕಾರಣ ಬರೆದು, ಮುಚ್ಚಬೇಕು. ನಮ್ಮ ಫ್ರಂಟ್ ಡೆಸ್ಕ್‌ನಲ್ಲಿ ಇರುವವರಿಗೆ ನೋಟ್ಸ್ ತೆರೆಯುವ ಅನುಮತಿ ಕೊಡುವ ಹಾಗಿಲ್ಲ, ಹಾಗಾಗಿ ಆ ಕೆಲಸವೂ ಥೆರಪಿಸ್ಟ್‌ಗಳ ತಲೆಗೇ ಬಂತು.

ಇದರ ಮೇಲೆ ಸಹಿಯ ಗೋಳು ಬೇರೆ. ಹಳೆಯದರಲ್ಲಿ ಸಹಿ ಮಾಡಿ ಲಾಕ್ ಮಾಡಿದ್ದ ನೋಟ್ಸ್ ಎಲ್ಲ ದೊಡ್ಡದರಲ್ಲಿ ಡ್ರಾಫ್ಟ್ ಆಗಿ ಬಂತು. ಲಾಗಿನ್ ಆದರೆ ಸಾಕು, ಸಹಿ ಬಾಕಿ ಇದೆ ಅಂತ ಕೆಂಪು ಪಟ್ಟಿ. ಸಹಿ ಮಾಡಿದರೆ ಇವತ್ತಿನ ತಾರೀಖು ಬೀಳುತ್ತದೆ. ಮೂರು ವರ್ಷದ ಹಿಂದಿನ ಸೆಷನ್‌ಗೆ ಇವತ್ತು ನೋಟ್ ಬರೆದ ಹಾಗೆ ಕಾಣುತ್ತದೆ, ನಾಳೆ ಯಾರಾದರೂ ರೆಕಾರ್ಡ್ ಕೇಳಿದರೆ ಏನು ಹೇಳುವುದು? ಮಾಡದಿದ್ದರೆ ಆ ಪಟ್ಟಿ ಹೋಗುವುದಿಲ್ಲ, ನಿಜವಾಗಿ ಬಾಕಿ ಇರುವ ನೋಟ್ ಅದರೊಳಗೆ ಮುಚ್ಚಿಹೋಗುತ್ತದೆ.

ಚಿಕ್ಕದು ಇದೇ ಕೆಲಸವನ್ನು ಹೇಗೆ ಮಾಡಿತು ನೋಡಿ. ಮೊದಲು ಕೆಲವೇ ಕ್ಲೈಂಟ್‌ಗಳ ಫೈಲ್ ಹಾಕಿ ನೋಡಿ ಅಂತ ಅದೇ ಹೇಳಿತು. ಹಾಕಿದ ಕೂಡಲೇ ಒಂದು ಸಾಲು ತೋರಿಸಿ, ಈ 03/04 ಅಂದರೆ ಏಪ್ರಿಲ್ 3ಓ ಮಾರ್ಚ್ 4ಓ ಅಂತ ಕೇಳಿತು. ಓದಲು ಆಗದ ಸಾಲುಗಳನ್ನು ಬೇರೆ ಪಟ್ಟಿಯಲ್ಲಿ ಇಟ್ಟಿತು, ತಾನಾಗಿ ಏನನ್ನೂ ತುಂಬಲಿಲ್ಲ. ನಾವು ನೋಡಿ ಒಪ್ಪುವ ತನಕ ಯಾವುದೂ ರೆಕಾರ್ಡ್‌ಗೆ ಸೇರುವುದಿಲ್ಲ, ಒಂದು ಸಲಕ್ಕೆ ಹಾಕಿದ್ದನ್ನೆಲ್ಲ ಒಟ್ಟಿಗೇ ವಾಪಸ್ ತೆಗೆಯಬಹುದು. ಹಳೆಯ ನೋಟ್ಸ್ "ಬೇರೆ ಕಡೆಯಿಂದ ಬಂದದ್ದು" ಅನ್ನುವ ಗುರುತಿನೊಂದಿಗೆ, ಬರೆದವರ ಹೆಸರು, ಅವತ್ತಿನ ಸಹಿಯ ತಾರೀಖು ಸಮೇತ, ಓದಲು ಮಾತ್ರ ಆಗುವ ಹಾಗೆ ಬಂದು ಕೂತವು. ನನಗೆ ಅಲ್ಲೇ ಮನಸ್ಸು ಗಟ್ಟಿಯಾಯಿತು.

ಯಾವ ಸಾಫ್ಟ್‌ವೇರ್ ತೆಗೆದುಕೊಂಡರೂ ಒಂದು ಕೆಲಸ ಮಾಡಿ. ಸಿಎಸ್‌ವಿಯಲ್ಲಿ ತಾರೀಖನ್ನು ವರ್ಷ-ತಿಂಗಳು-ದಿನ ಅಂತ, ಅಂದರೆ 2023-04-03 ಅಂತ ಬದಲಾಯಿಸಿಕೊಳ್ಳಿ. ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಕ್ರಮ ಅದು, ಗೊಂದಲಕ್ಕೆ ಜಾಗವಿಲ್ಲ. ಆದರೆ ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಬೇಡಿ, ಅದು ನಿಮ್ಮ ಕಂಪ್ಯೂಟರ್‌ನ ಸೆಟ್ಟಿಂಗ್ ನೋಡಿ ತಾನೇ ತಾರೀಖು ತಿದ್ದಿಬಿಡುತ್ತದೆ. ಒಳಗಿನ ಇಂಪೋರ್ಟ್ ಆಯ್ಕೆಯಿಂದ ತೆರೆದು, ತಾರೀಖಿನ ಕಾಲಂ ಟೆಕ್ಸ್ಟ್ ಅಂತ, ಫೈಲ್ ಯುಟಿಎಫ್-8 ಅಂತ ಹೇಳಿ. ಯುಟಿಎಫ್-8 ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಇಡುವ ಒಂದು ಕ್ರಮ, ಅದನ್ನು ಹೇಳದಿದ್ದರೆ ಕನ್ನಡದಲ್ಲಿ ಬರೆದ ನೋಟ್ಸ್ ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು. ಕ್ಲೈಂಟ್ ಆಡಿದ ಮಾತನ್ನು ಅವರದೇ ಮಾತಲ್ಲಿ ಬರೆದುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ದೊಡ್ಡದರ ಪಿಡಿಎಫ್‌ನಲ್ಲಂತೂ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದವು. ಚಿಕ್ಕದರಲ್ಲಿ ಸರಿಯಾಗಿದೆ.

ಪಿಎಚ್‌ಕ್ಯೂ-9 ಬಗ್ಗೆ ಇನ್ನೊಂದು ಮಾತು. ಅದರ ಕೊನೆಯ ಪ್ರಶ್ನೆ, ಸತ್ತರೆ ಒಳ್ಳೆಯದು ಅನ್ನಿಸುವುದು, ತನಗೇ ನೋವು ಮಾಡಿಕೊಳ್ಳಬೇಕು ಅನ್ನಿಸುವುದರ ಬಗ್ಗೆ. ಒಟ್ಟು ಅಂಕ 6 ಇದ್ದು ಅದರಲ್ಲಿ ಈ ಪ್ರಶ್ನೆಗೆ 2 ಬಂದಿರಬಹುದು. ದೊಡ್ಡದು ಒಟ್ಟು ಅಂಕ ಮಾತ್ರ ಮುಂದೆ ಇಡುತ್ತದೆ, 6 ಅಂದರೆ ಸೌಮ್ಯ ಅಂತ ಹಸಿರು ಬಣ್ಣ. ಒಳಗೆ ಹೋಗಿ ಒಂದೊಂದು ಉತ್ತರ ತೆರೆದರಷ್ಟೇ ಗೊತ್ತಾಗುತ್ತದೆ. ಚಿಕ್ಕದರಲ್ಲಿ ಆ ಪ್ರಶ್ನೆಗೆ 0 ಬಿಟ್ಟು ಏನೇ ಬಂದರೂ ದಿನದ ಅಪಾಯಿಂಟ್‌ಮೆಂಟ್ ಪಟ್ಟಿಯಲ್ಲಿ ಆ ಹೆಸರಿನ ಪಕ್ಕ ಗುರುತು ಬರುತ್ತದೆ. ಕ್ಲೈಂಟ್ ರಾತ್ರಿ ಮನೆಯಲ್ಲಿ ಕೂತು ಫಾರಂ ತುಂಬಿದರೆ, ಇದನ್ನು ಈಗ ಯಾರೂ ನೋಡುತ್ತಿಲ್ಲ, ತುರ್ತು ಇದ್ದರೆ ಈ ನಂಬರ್‌ಗೆ ಕರೆ ಮಾಡಿ ಅಂತ ಆಗಲೇ ತೋರಿಸುತ್ತದೆ. ಇದೊಂದಕ್ಕೇ ದುಡ್ಡು ಕೊಡಬಹುದು.

ಇನ್ನು ಡಯಾಗ್ನೋಸಿಸ್ ಕೋಡ್. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಕೋಡ್ ಪಟ್ಟಿಯ ಹೊಸ ಆವೃತ್ತಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿ 1ಕ್ಕೆ. ನಮ್ಮ ಹಳೆಯ ಫೈಲ್‌ಗಳೆಲ್ಲ ಐಸಿಡಿ-10ರವು. ದೊಡ್ಡದು ಎಲ್ಲವನ್ನೂ ತಾನೇ ಹೊಸ ಕೋಡ್‌ಗೆ ಬದಲಾಯಿಸಿತು. ಖಿನ್ನತೆಗೆ ಅದು ಅಷ್ಟೇನೂ ತೊಂದರೆ ಕೊಡಲಿಲ್ಲ. ಆದರೆ ಪಿಟಿಎಸ್‌ಡಿಗೆ, ಅಂದರೆ ದೊಡ್ಡ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಗೆ, ಐಸಿಡಿ-10ರಲ್ಲಿ ಇದ್ದದ್ದು ಎಫ್43.1 ಒಂದೇ. ಹೊಸದರಲ್ಲಿ ಪಿಟಿಎಸ್‌ಡಿ 6ಬಿ40, ಕಾಂಪ್ಲೆಕ್ಸ್ ಪಿಟಿಎಸ್‌ಡಿ 6ಬಿ41 ಅಂತ ಬೇರೆ ಬೇರೆ. ಬಾಲ್ಯದಿಂದ ವರ್ಷಗಟ್ಟಲೆ ಹಿಂಸೆ ಅನುಭವಿಸಿ ಬಂದವರು ಇದರಲ್ಲಿ ಯಾವುದಕ್ಕೆ ಸೇರುತ್ತಾರೆ ಅಂತ ಹೇಳಬೇಕಾದ್ದು ಎದುರಿಗೆ ಕೂತ ಥೆರಪಿಸ್ಟ್, ಸಾಫ್ಟ್‌ವೇರ್ ಅಲ್ಲ. ಚಿಕ್ಕದು ಹಳೆಯ ಕೋಡ್ ಹಾಗೇ ಇಟ್ಟು, ಮುಂದಿನ ಬಾರಿ ಫೈಲ್ ತೆರೆದಾಗ ಹೊಸದು ಯಾವುದು ಅಂತ ನಮ್ಮನ್ನೇ ಕೇಳುತ್ತದೆ.

ಥೆರಪಿಸ್ಟ್ ತನಗಾಗಿ ಬರೆದುಕೊಳ್ಳುವ ಖಾಸಗಿ ನೋಟ್ಸ್‌ಗೆ ಚಿಕ್ಕದರಲ್ಲಿ ಪ್ರತ್ಯೇಕ ಜಾಗವಿದೆ, ಫೈಲ್ ಯಾರಿಗಾದರೂ ಕೊಟ್ಟರೂ ಅದು ಜೊತೆಗೆ ಹೋಗುವುದಿಲ್ಲ. ಆರೋಗ್ಯದ ಮಾಹಿತಿಯನ್ನು ಗುಟ್ಟಾಗಿ ಇಡುವ ಬಗ್ಗೆ ಇರುವ ಅಮೆರಿಕದ ಹಿಪಾ ಕಾನೂನು ಇಂಥ ನೋಟ್ಸ್‌ಗೆ ಉಳಿದ ರೆಕಾರ್ಡ್‌ಗಿಂತ ಜಾಸ್ತಿ ರಕ್ಷಣೆ ಕೊಡುತ್ತದೆ, ಆದರೆ ಬೇರೆಯಾಗಿ ಇಟ್ಟಿದ್ದರೆ ಮಾತ್ರ. ನೀವು ಎಲ್ಲೇ ಇದ್ದರೂ ಬೇರೆ ಇಡುವ ಅಭ್ಯಾಸ ಒಳ್ಳೆಯದು. ದೊಡ್ಡದರಲ್ಲಿ ಎಲ್ಲ ಒಂದೇ ಕಡೆ.

ಬಿಲ್ಲಿಂಗ್ ದೊಡ್ಡದರಲ್ಲಿ ಚೆನ್ನಾಗಿದೆ, ಒಪ್ಪುತ್ತೇನೆ. ಫೋನ್ ಆ್ಯಪ್ ಎರಡರದ್ದೂ ಸಾಧಾರಣ. ರಿಮೈಂಡರ್‌ಗಳನ್ನು ಮಾತ್ರ ಹೊಸದಕ್ಕೆ ಹೋಗುವ ಮೊದಲೇ ಹಳೆಯದರಲ್ಲಿ ಆಫ್ ಮಾಡಿ, ಇಲ್ಲದಿದ್ದರೆ ಒಂದೇ ಸೆಷನ್‌ಗೆ ಎರಡು ಮೆಸೇಜ್ ಹೋಗುತ್ತದೆ, ಮೊದಲೇ ಆತಂಕ ಇರುವವರು ಇನ್ನಷ್ಟು ಗಾಬರಿಯಾಗುತ್ತಾರೆ.

ನನ್ನ ಅಭ್ಯಾಸವೂ ಈ ಆಯ್ಕೆಗೆ ಕಾರಣ. 50 ನಿಮಿಷದ ಸೆಷನ್ ಮುಗಿದು ಮುಂದಿನದಕ್ಕೆ 10 ನಿಮಿಷ ಇರುತ್ತದೆ, ಅಷ್ಟರಲ್ಲೇ ನೋಟ್ ಬರೆದು ಮುಗಿಸುತ್ತೇನೆ. ಸಂಜೆಗೆ ಬಿಟ್ಟರೆ ಒಬ್ಬರ ಮಾತು ಇನ್ನೊಬ್ಬರದಕ್ಕೆ ಬೆರೆತುಹೋಗುವ ಭಯ. ದೊಡ್ಡದರಲ್ಲಿ ಬಿಪಿ, ತೂಕ, ಅಲರ್ಜಿ ಎಲ್ಲ ದಾಟಿಕೊಂಡು ಬರೆಯುವ ಜಾಗಕ್ಕೆ ಬರುವಷ್ಟರಲ್ಲಿ ಬಾಗಿಲ ಹೊರಗೆ ಮುಂದಿನವರು ಬಂದಿರುತ್ತಾರೆ. ಚಿಕ್ಕದರಲ್ಲಿ ಹೆಸರು ಒತ್ತಿದರೆ ಖಾಲಿ ಪುಟ, ಪಕ್ಕದಲ್ಲಿ ಹಿಂದಿನ ಸೆಷನ್‌ನ ಪ್ಲಾನ್. ಹಿಂದಿನ ನೋಟನ್ನು ಪೂರ್ತಿ ಕಾಪಿ ಮಾಡುವ ಬಟನ್ ಅದರಲ್ಲಿ ಇಲ್ಲ, ಇಲ್ಲದಿರುವುದೇ ವಾಸಿ. "ಆತ್ಮಹತ್ಯೆಯ ಯೋಚನೆ ಇಲ್ಲ" ಅನ್ನುವ ಸಾಲು ಕೇಳದೆಯೇ ವಾರದಿಂದ ವಾರಕ್ಕೆ ಕಾಪಿಯಾಗುತ್ತಾ ಹೋಗಬಾರದು.

ದುಡ್ಡಿನ ಲೆಕ್ಕವೂ ನಮಗೆ ಹೊಂದುತ್ತದೆ. ದೊಡ್ಡದು ತಲೆಗೆ ಇಷ್ಟು ಅಂತ ಪ್ರತಿ ಥೆರಪಿಸ್ಟ್‌ಗೂ ಪೂರ್ತಿ ತಿಂಗಳ ಬಾಡಿಗೆ ಕೇಳುತ್ತದೆ, ವಾರಕ್ಕೊಂದು ದಿನ ಬರುವವರಿಗೂ ಅಷ್ಟೇ. ಚಿಕ್ಕದು ಆ ತಿಂಗಳು ನೋಡಿದ ಕ್ಲೈಂಟ್‌ಗಳ ಲೆಕ್ಕದಲ್ಲಿ ತೆಗೆದುಕೊಳ್ಳುತ್ತದೆ. ನಿಮ್ಮಲ್ಲಿ ಮನೋವೈದ್ಯರು ಇದ್ದು, ಔಷಧ ಬರೆದು, ರಕ್ತಪರೀಕ್ಷೆಯ ವರದಿಯೂ ಅಲ್ಲೇ ಬರಬೇಕು ಅಂದರೆ ದೊಡ್ಡದನ್ನೇ ನೋಡಿ. ಆಗ ಇಂಪೋರ್ಟ್ ವಾಪಸ್ ತೆಗೆಯುವ ದಾರಿ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ. ನಾಳೆ ಇದನ್ನೂ ಬಿಟ್ಟು ಹೋಗುವುದಾದರೆ ಎಲ್ಲ ನೋಟ್ಸ್ ಯಾವ ರೂಪದಲ್ಲಿ ಹೊರಗೆ ಕೊಡುತ್ತೀರಿ ಅಂತಲೂ ಕೇಳಿ, ಒಂದು ಮಾದರಿ ಫೈಲ್ ತರಿಸಿಕೊಂಡು ನೋಡಿ.

ಚಿಕ್ಕದರಲ್ಲಿ ನನಗೆ ಇನ್ನೂ ಸಮಾಧಾನವಿಲ್ಲದ್ದು ಗ್ರೂಪ್ ಥೆರಪಿ. ಗುಂಪಿಗೆ ಅಂತ ಒಂದು ನೋಟ್ ಬರೆದು ಪ್ರತಿಯೊಬ್ಬರ ಫೈಲ್‌ಗೂ ಸೇರಿಸುವ ವ್ಯವಸ್ಥೆ ಅದರಲ್ಲಿ ಇಲ್ಲ. ಒಬ್ಬರ ಫೈಲ್‌ನಲ್ಲಿ ಇನ್ನೊಬ್ಬರ ಹೆಸರು ಬರಬಾರದು, ಹಾಗಾಗಿ ಗುಂಪಿನ ವಿಷಯವನ್ನು ಹೆಸರಿಲ್ಲದೆ ಒಂದು ಕಡೆ ಬರೆದು, ಪ್ರತಿ ಫೈಲ್‌ಗೂ ಅಂಟಿಸಿ, ಕೆಳಗೆ ಆ ಒಬ್ಬರ ಬಗ್ಗೆ ಎರಡು ಸಾಲು ಸೇರಿಸುತ್ತೇವೆ. ಗ್ರೂಪ್ ಸೆಷನ್‌ಗಳೇ ಜಾಸ್ತಿ ಇರುವ ಕ್ಲಿನಿಕ್ ಆದರೆ ಇದು ದಿನಾ ಹೊತ್ತು ತಿನ್ನುವ ಕೆಲಸ, ಅದನ್ನು ಯೋಚಿಸಿಯೇ ತೆಗೆದುಕೊಳ್ಳಿ.