ಹಳೆಯ ದೋಣಿಗೆ ಜೋಡಿ ಎಂಜಿನ್ ಕೊಳ್ಳುವವರು ಮೊದಲು ಹಿಂಬದಿಯ ಹಲಗೆ ನೋಡಿ

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್, ಜನರೇಟರ್ ಮಾರುವ ಅಂಗಡಿಯೊಂದರಲ್ಲಿ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ಗಳೂ, ಅಂದರೆ ಯಾರೋ ಬಳಸಿ ಬಿಟ್ಟವು, ಸಿಗುತ್ತವೆ. ಕರಾವಳಿಯವರು ಬಂದು ಕೊಂಡೊಯ್ಯುತ್ತಾರೆ. ಹಾವೇರಿ, ಗದಗ ಕಡೆಯ ತುಂಗಭದ್ರೆಯ ದಂಡೆಯವರೂ ಈಚೆಗೆ ವಿಚಾರಿಸುತ್ತಿದ್ದಾರೆಂದು ತಿಳಿದು ಈ ಬರಹ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹೇಳುವುದಿಲ್ಲ. ಅಲ್ಲಿ ಎಲ್ಲರಿಗೂ ಹೇಳುವ ಮಾತನ್ನು ಮಾತ್ರ ಹೇಳುತ್ತೇನೆ: “ಒಂದೇ ಎಂಜಿನ್ ಆದರೆ ನಡುನೀರಿನಲ್ಲಿ ಕೈಕೊಡಬಹುದು ಅಣ್ಣಾ, ಎರಡಿದ್ದರೆ ಒಂದಾದರೂ ದಡ ಮುಟ್ಟಿಸುತ್ತದೆ.” ಹಳೆಯ ದೋಣಿ ಇರುವವರು ದಯವಿಟ್ಟು ಈ ಮಾತನ್ನು ನಂಬಬೇಡಿ.

ನಾನು ಗಣೇಶಪೇಟೆಯಲ್ಲಿ ಮೀನು ಮಾರುವವಳು. ತವರು ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಕಡೆ. ಅಣ್ಣನ ಹಳೆಯ ಫೈಬರ್ ದೋಣಿಯಲ್ಲಿ ನನ್ನ ದುಡ್ಡೂ ಇದೆ. ಅವನು ಹಿಡಿದ ಬಂಗುಡೆ, ತಾರ್ಲೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಇಲ್ಲಿಗೆ ಬಂದರೆ ನಮ್ಮ ಎರಡೂ ಮನೆಗಳು ನಡೆಯುತ್ತವೆ. ಮೊದಲಿದ್ದ ಎಂಜಿನ್ ಸವೆದಾಗ ಅಣ್ಣ ಹುಬ್ಬಳ್ಳಿಗೆ ಬಂದು ಕೇಳಿದ್ದು 25 ಅಶ್ವಶಕ್ತಿಯ ಒಂದು ಎಂಜಿನ್ನನ್ನು. ವ್ಯಾಪಾರಿ ಅದನ್ನು ತೋರಿಸಲೇ ಇಲ್ಲ. 9.9 ಅಶ್ವಶಕ್ತಿಯ ಎರಡನ್ನು ಮುಂದಿಟ್ಟು, ಎರಡೂ ಸೇರಿ ಹೆಚ್ಚುಕಡಿಮೆ ಅಷ್ಟೇ ಬಲ ಎಂದ. ಮಳೆಗಾಲದಲ್ಲೂ ಇವನ್ನು ಯಾರೂ ತಡೆಯುವುದಿಲ್ಲ ಎಂದ. ಜೋಡಿಸಿಕೊಡಲು ಅವನದೇ ಮೆಕ್ಯಾನಿಕ್ ಬೇಲೆಕೇರಿಗೆ ಬಂದ.

ಮಳೆಗಾಲದ ವಿಷಯವನ್ನು ಮೊದಲು ಮುಗಿಸುತ್ತೇನೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ವಿನಾಯಿತಿ ಇರುವುದು 10 ಅಶ್ವಶಕ್ತಿಯವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೆ. ಎರಡು 9.9 ಕಟ್ಟಿದರೆ ದೋಣಿಯ ಹಿಂದೆ 19.8 ಅಶ್ವಶಕ್ತಿ ಕುಳಿತಿರುತ್ತದೆ. ಇದಕ್ಕೆ ಉತ್ತರ ಕೊಡಬೇಕಾದವರು ಮೀನುಗಾರಿಕೆ ಇಲಾಖೆಯವರು, ಅಂಗಡಿಯವರಲ್ಲ. ಅಲ್ಲಿಯೇ ಕೇಳಿ, ಬರಹದಲ್ಲಿ ಪಡೆಯಿರಿ.

ಇನ್ನು ತೂಕದ ಮಾತು. ಟೂ ಸ್ಟ್ರೋಕ್‌ನ 9.9 ಎಂಜಿನ್ ಒಂದೊಂದೂ 40 ಕಿಲೋ ಆಸುಪಾಸು ತೂಗುತ್ತದೆ, ಎರಡಕ್ಕೆ 80. ಅದೇ 25 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್ ಒಂದು ಸುಮಾರು 50 ಕಿಲೋದಲ್ಲಿ ಮುಗಿಯುತ್ತದೆ, ಬಲವೂ ಹೆಚ್ಚು. ಜೋಡಿ ಎಂಜಿನ್ನಿನಲ್ಲಿ ನೀರನ್ನು ಸೀಳಬೇಕಾದ ಕಾಲುಗಳೂ (ಪ್ರೊಪೆಲರ್ ಇರುವ, ನೀರಿಗೆ ಇಳಿಯುವ ಕೆಳಭಾಗ) ಎರಡಾಗುವುದರಿಂದ ಎಳೆತ ಹೆಚ್ಚಿ ಇಂಧನ ಹೆಚ್ಚು ಹೋಗುತ್ತದೆ. ಈ ಭಾರವೆಲ್ಲ ದೋಣಿಯ ಹಿಂಬದಿಯ ಹಲಗೆಯ ಮೇಲೆಯೇ ಬೀಳುತ್ತದೆ. ನಮ್ಮ ದೋಣಿ ನಿಂತಲ್ಲಿಯೇ ಹಿಂದಕ್ಕೆ ತಗ್ಗಿ, ಅಲೆ ಬಂದಾಗಲೆಲ್ಲ ಒಳಗೆ ನೀರು ಚಿಮ್ಮಲು ಶುರುವಾಯಿತು. ಮೆಕ್ಯಾನಿಕ್ ಇದನ್ನು ನೋಡಿಯೂ ಮಂಜುಗಡ್ಡೆಯ ಪೆಟ್ಟಿಗೆಯನ್ನು ಮುಂದೆ ಸರಿಸಿ ಎಂದು ಹೇಳಿ ಹೊರಟುಹೋದ.

ಹಳೆಯ ಫೈಬರ್ ದೋಣಿಗಳಲ್ಲಿ ಈ ಹಲಗೆ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತುಗಳಿಂದ ವರ್ಷಗಟ್ಟಲೆ ನೀರು ಇಳಿದು ಅದು ಕೊಳೆತರೂ ಮೇಲಿನ ಫೈಬರ್ ಪದರ ಏನನ್ನೂ ತೋರಿಸುವುದಿಲ್ಲ. ಆಮೇಲೆ ಎಂಜಿನ್ ಬಿಚ್ಚಿದಾಗ ನಾನು ಅಲ್ಲಿಯೇ ನಿಂತಿದ್ದೆ. ಬೋಲ್ಟ್ ಎಳೆದೊಡನೆ ತೂತಿನಿಂದ ಚಹಾ ಬಣ್ಣದ ನೀರು ಸಣ್ಣ ಗೆರೆಯಾಗಿ ಇಳಿಯಿತು. ಅಣ್ಣ ಸ್ಕ್ರೂಡ್ರೈವರ್ ತೂರಿಸಿದರೆ ಬಲ ಹಾಕದೆಯೇ ಹಿಡಿಯವರೆಗೂ ಹೋಯಿತು. ಬೋಲ್ಟಿನ ವಾಷರ್ ಫೈಬರನ್ನು ಒತ್ತಿ ಒಳಕ್ಕೆ ಕುಸಿದಿತ್ತು. 80 ಕಿಲೋ ಭಾರ, ಅದರ ಮೇಲೆ ಎರಡು ಎಂಜಿನ್‌ಗಳ ನೂಕು, ಎಲ್ಲವೂ ಈ ಕೊಳೆತ ಮರದ ಮೇಲೆ! ಹೊಸ ತೂತುಗಳನ್ನು ಕೊರೆದದ್ದು ಆ ಮೆಕ್ಯಾನಿಕ್ಕೇ. ಡ್ರಿಲ್ಲಿನಿಂದ ಒಣ ಪುಡಿಯ ಬದಲು ಕಪ್ಪು ಹಸಿ ಹುಡಿ ಬಂದಿರಲೇಬೇಕು. ಆತ ಬಾಯಿ ಬಿಡಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇಲ್ಲಿಯೇ.

ಇದನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ. ಸುತ್ತಿಗೆಯ ಹಿಡಿಯಿಂದ ಹಲಗೆಯ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಮರ ಠಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ದಪ್ ಎನ್ನುತ್ತದೆ. ಎಂಜಿನ್ನಿನ ಕಾಲನ್ನು ಅರ್ಧ ಎತ್ತಿಟ್ಟು ಅದರ ಮೇಲೆ ಮೈಭಾರ ಹಾಕಿ ಒತ್ತಿ. ಹಲಗೆ ಬಾಗಿದರೆ ಅಥವಾ ಮೂಲೆಯಲ್ಲಿ ಬಿರುಕು ಬಾಯಿ ತೆರೆದರೆ ಒಂದೂ ಬೇಡ, ಎರಡೂ ಬೇಡ, ಮೊದಲು ಹಲಗೆ ಬದಲಾಗಬೇಕು.

ಎಂಜಿನ್ ಕೂರುವ ಎತ್ತರವೂ ಜೋಡಿಯಲ್ಲಿ ಕಷ್ಟದ್ದು. ತಳ ಇಳಿಜಾರಾಗಿರುವ ದೋಣಿಯಲ್ಲಿ ನಡುವೆ ಆಳ ಹೆಚ್ಚು, ಬದಿಗೆ ಸರಿದಷ್ಟೂ ಕಡಿಮೆ. ಒಂದು ಎಂಜಿನ್ ನಡುವೆ ಕೂರುತ್ತದೆ. ಎರಡಾದರೆ ಬದಿಗೆ ಹೋಗುತ್ತವೆ. ದೋಣಿ ವಾಲಿದಾಗ ಮೇಲೆದ್ದ ಬದಿಯ ಪ್ರೊಪೆಲರ್ ಗಾಳಿ ಎಳೆದುಕೊಂಡು ಸುಮ್ಮನೆ ಚೀರುತ್ತದೆ.

ನಡುನೀರಿನಲ್ಲಿ ದೋಣಿ ಕೈಕೊಟ್ಟದ್ದು ಮಾತ್ರ ಇಂಧನದಿಂದ. ಮೆಕ್ಯಾನಿಕ್ ಎರಡೂ ಎಂಜಿನ್‌ಗಳಿಗೆ ಒಂದೇ ಟ್ಯಾಂಕಿನಿಂದ ಪೈಪ್ ಕೊಟ್ಟಿದ್ದ. ಅಣ್ಣ ಬಲೆ ಎಳೆದು ಮರಳುವಾಗ ಬಲಗಡೆಯದು ಕೆಮ್ಮಿ ನಿಂತಿತು. ಉಳಿದ 9.9 ಎಂಜಿನ್ ಮೀನು, ಬಲೆ, ನಿಂತ ಎಂಜಿನ್ ಎಲ್ಲವನ್ನೂ ಎಳೆಯಲು ಹೆಣಗಿತು. ದೋಣಿ ಒಂದೇ ಕಡೆಗೆ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ದಾರಿಯಲ್ಲಿ ಸಿಕ್ಕ ಟ್ರಾಲರ್‌ನವರು ಹಗ್ಗ ಕೊಟ್ಟು ಎಳೆತಂದರು. ಮರುದಿನ ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಇಟ್ಟೆವು. ನೋಡನೋಡುತ್ತಲೇ ಎರಡು ಪದರವಾಯಿತು: ಮೇಲೆ ಎಣ್ಣೆಯ ಬಣ್ಣದ್ದು, ಕೆಳಗೆ ಮಬ್ಬು ನೀರಿನಂಥದ್ದು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಹೆಚ್ಚಿನ ಔಟ್‌ಬೋರ್ಡ್ ಕಂಪನಿಗಳ ಕೈಪಿಡಿಯಲ್ಲಿ ಒಪ್ಪಿಗೆ ಇರುವುದು ಶೇ. 10ರವರೆಗೆ ಮಾತ್ರ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಅದರ ಜೊತೆ ಟ್ಯಾಂಕಿನೊಳಗೆ ನೀರು ಸೇರಿ ಮಿತಿ ಮೀರಿದರೆ ಎರಡೂ ಕೂಡಿ ತಳಕ್ಕಿಳಿಯುತ್ತವೆ. ಟೂ ಸ್ಟ್ರೋಕ್‌ಗೆ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಪೈಪ್ ಎಳೆಯುವುದು ತಳದಿಂದ, ಅಂದರೆ ಆಯಿಲ್ ಇಲ್ಲದ ನೀರನ್ನು. ಎಂಜಿನ್ ನಿಂತರೆ ಪುಣ್ಯ, ನಿಲ್ಲದೆ ಓಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಒಂದೇ ಟ್ಯಾಂಕಿನಿಂದ ಕುಡಿಯುವ ಎಂಜಿನ್‌ಗಳು ಎಷ್ಟಿದ್ದರೂ ಕೆಟ್ಟ ಇಂಧನ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ನದಿಯಲ್ಲಾದರೂ ಇದೇ ಕಥೆ.

ಜೋಡಿ ಎಂಜಿನ್ ಎಲ್ಲರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ಹಿಂಬದಿ ಅಗಲವಾಗಿ, ಆ ಭಾರಕ್ಕೆಂದೇ ಕಟ್ಟಿದ ದೊಡ್ಡ ದೋಣಿಗೆ, ಒಂದೊಂದಕ್ಕೂ ಬೇರೆ ಟ್ಯಾಂಕ್, ಬೇರೆ ಫಿಲ್ಟರ್ ಕೊಟ್ಟರೆ ಅದು ನಿಜವಾಗಿಯೂ ಆಸರೆ. ನಮ್ಮಂಥ ಹಳೆಯ ದೋಣಿಗೆ ಬೇಕಿರುವುದು ಚೆನ್ನಾಗಿರುವ ಒಂದು ಎಂಜಿನ್, ನೀರು ಬೇರ್ಪಡಿಸುವ ಫಿಲ್ಟರ್, ಹುಟ್ಟು, ಲಂಗರು, ಸಾಕಷ್ಟು ಹಗ್ಗ. ಕೈಯಲ್ಲಿ ದುಡ್ಡಿದ್ದರೆ ಬೇರೆ ಕ್ಯಾನಿನಿಂದ ನಡೆಯುವ ಸಣ್ಣ ಎಂಜಿನ್ ಒಂದನ್ನು ಇಟ್ಟುಕೊಳ್ಳಿ. ಲೈಫ್ ಜಾಕೆಟ್ ಪೆಟ್ಟಿಗೆಯಲ್ಲಿಡಬೇಡಿ, ಮೈಮೇಲಿರಲಿ. ಸಮುದ್ರಕ್ಕೆ ಹೋಗುವವರು ಕರಾವಳಿ ಕಾವಲು ಪಡೆಯ 1554 ಸಂಖ್ಯೆಯನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ.

ಬಳಸಿದ ಎಂಜಿನ್ ಕೊಳ್ಳುವವರು ಅಂಗಡಿಯಲ್ಲಿಯೇ ಕೆಳಗಿನ ಗೇರ್ ಆಯಿಲ್‌ನ ಸ್ಕ್ರೂ ತೆಗೆಸಿ ನೋಡಿ. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಡ್ರಮ್ಮಿನ ನೀರಿನಲ್ಲಿಟ್ಟು ಚಾಲೂ ಮಾಡಿಸಿ; ಪಕ್ಕದ ಸಣ್ಣ ತೂತಿನಿಂದ ನೀರು ಜೋರಾಗಿ ಚಿಮ್ಮದಿದ್ದರೆ ತಂಪಾಗುವ ದಾರಿ ಕಟ್ಟಿಕೊಂಡಿರಬಹುದು, ಇಲ್ಲವೇ ನೀರೆತ್ತುವ ಪಂಪ್ ಸವೆದಿರಬಹುದು. ಎರಡೂ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ, ಅಂತರ ಶೇ. 10ಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡಿ. ಬಿಲ್ಲಿನಲ್ಲಿ ಎಂಜಿನ್ ಸಂಖ್ಯೆ ಇರಲಿ, ಜೋಡಿಸುವ ಕೆಲಸದ ಹೊಣೆ ಯಾರದು ಎಂಬುದೂ ಇರಲಿ. ನಮಗೆ ಸಿಕ್ಕ ಚೀಟಿಯಲ್ಲಿ “ಹಳೆಯ ಯಂತ್ರ 2” ಎಂದಷ್ಟೇ ಇತ್ತು. ಅದನ್ನು ಹಿಡಿದು ಹೋದಾಗ ವ್ಯಾಪಾರಿ, ಎಂಜಿನ್ ತನ್ನದು, ಹಲಗೆ ನಿಮ್ಮದು ಎಂದು ಹೇಳಿ ಒಳಗೆ ಹೋದ.